ಸಣ್ಣ ಕೊಳವೆಯಲ್ಲಿ ಕಂಡದ್ದು

ಮದುವೆಗೆ ಇನ್ನೊಂದೇ ತಿಂಗಳಿತ್ತು. ಹೇಳದೆ ಕೇಳದೆ ತನ್ನ ಭಾವೀ ಗಂಡನ ಮನೆಯ ತಾರಸಿ ಹತ್ತಿದ ಟೀಚರಮ್ಮನಿಗೆ ಮೊದಲು ಕಂಡದ್ದು ಅವನ ಬೆನ್ನು. ಕನ್ನಡಕದಂಗಡಿಯ ಆ ಹುಡುಗ ಹಾಡಹಗಲಲ್ಲಿ ಟೆಲಿಸ್ಕೋಪಿಗೆ ಕಣ್ಣು ಹಚ್ಚಿ ಲೋಕವನ್ನೇ ಮರೆತಿದ್ದ.

ಹಗಲಲ್ಲಿ ಯಾವ ನಕ್ಷತ್ರವಪ್ಪಾ? ನಗುತ್ತಲೇ ಅವನನ್ನು ಪಕ್ಕಕ್ಕೆ ತಳ್ಳಿ, ದೊಡ್ಡ ಕೊಳವೆಯ ಬೆನ್ನೇರಿ ಕೂತಿದ್ದ ಸಣ್ಣ ಕೊಳವೆಗೆ, ಅಂದರೆ ಗುರಿ ಹಿಡಿಯಲು ಇರುವ ಫೈಂಡರಿಗೆ, ಕಣ್ಣಿಟ್ಟಳು.

ಎದುರು ಬೀದಿಯ ಬಾಲ್ಕನಿ... ನಟ್ಟನಡುವೆ, ಕೂದಲು ಒಣಗಿಸುತ್ತ ನಿಂತ ಒಬ್ಬ ಚೆಲುವೆ.

"ಇದಾ ನೀನು ನೋಡ್ತಿದ್ದ ನಕ್ಷತ್ರ?"

ಅವನು ತಬ್ಬಿಬ್ಬಾದ. ದೊಡ್ಡ ಕೊಳವೆಯಲ್ಲೂ ಒಮ್ಮೆ ನೋಡು ಎಂದ. ಅವಳು ನೋಡಲಿಲ್ಲ. ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು ಎಂದು ಸ್ವಂತ ಅಕ್ಕನೇ ಅವಳನ್ನು ಛೇಡಿಸುತ್ತಿದ್ದಳು. ಕೆಳಗೆ ಅವನ ತಾಯಿ ಊಟ ಮಾಡಿಕೊಂಡು ಹೋಗು ಮಗಳೇ ಎಂದು ಕರೆದರೂ ತಿರುಗಿ ನೋಡದೆ ಹೊರಟುಬಿಟ್ಟಳು.

ಅವನೂ ಹಿಂದೆ ಬರಲಿಲ್ಲ. ತಪ್ಪೇ ಮಾಡದವನು ಯಾಕೆ ಗೋಗರೆಯಬೇಕು ಎಂಬ ಹಟ ಅವನದು. ಇಬ್ಬರ ಹಟವೂ ಗೆದ್ದಿತು, ಮದುವೆ ಮುರಿಯಿತು.

ಎರಡು ವರ್ಷಗಳ ಮೇಲೆ ಅವಳ ಶಾಲೆಗೆ ಯಾರೋ ಪುಣ್ಯಾತ್ಮರು ಟೆಲಿಸ್ಕೋಪ್ ಕೊಟ್ಟರು. ಮುಖ್ಯೋಪಾಧ್ಯಾಯಿನಿ ಅದನ್ನು ತಂದು ಇವಳ ತಲೆಗೇ ಕಟ್ಟಿದರು. ಸಂಜೆ ಮಕ್ಕಳಿಗೆ ಚಂದ್ರನನ್ನು ತೋರಿಸಬೇಕು, ಹಗಲಲ್ಲೇ ಎಲ್ಲ ಹೊಂದಿಸಿಡಬೇಕು.

ಹೊಂದಿಸುವ ಬಗೆಯೇನೋ ಸುಲಭದ್ದೇ. ದೂರದ, ಅಲುಗಾಡದ ಒಂದು ವಸ್ತುವನ್ನು ಮೊದಲು ದೊಡ್ಡ ಕೊಳವೆಯ ನಡುವೆ ಹಿಡಿಯಬೇಕು. ಆಮೇಲೆ ಸಣ್ಣದರ ತಿರುಪುಗಳನ್ನು ಅತ್ತಿತ್ತ ತಿರುಗಿಸಿ, ಅದರಲ್ಲೂ ಅದೇ ವಸ್ತು ನಡುವೆ ಬರುವಂತೆ ಮಾಡಬೇಕು. ಅವಳು ದೂರದ ನೀರಿನ ಟ್ಯಾಂಕಿನ ತುದಿಯನ್ನು ಹಿಡಿದಳು. ಮಸುಕಾಗಿದ್ದದ್ದು ಗುಂಡಿ ತಿರುವುತ್ತಿದ್ದಂತೆ ತಿಳಿಯಾಯಿತು.

ಇನ್ನು ಸಣ್ಣದು. ಕಣ್ಣಿಟ್ಟರೆ ಟ್ಯಾಂಕೇ ಇಲ್ಲ! ಯಾರದೋ ಹಿತ್ತಲಲ್ಲಿ ಬನಿಯನ್ ತೊಟ್ಟ ಅಜ್ಜನೊಬ್ಬ ಮುಖಕ್ಕೆಲ್ಲ ನೊರೆ ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದಾನೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಈಗ ಯಾರಾದರೂ ಬಂದು ನೋಡಿದರೆ, ಟೀಚರಮ್ಮ ಅಜ್ಜನನ್ನು ನೋಡ್ತಿದ್ದಾಳೆ ಅಂದುಕೊಳ್ಳಲ್ವಾ...

ನಗು ಅಲ್ಲೇ ನಿಂತಿತು.

ಅವನೂ ಅವತ್ತು ಹೀಗೇ ಕೊಳವೆಗಳನ್ನು ಹೊಂದಿಸುತ್ತಿದ್ದ, ಸಣ್ಣದು ಇನ್ನೂ ಹೊಂದಿರಲಿಲ್ಲ ಅಷ್ಟೇ. ದೊಡ್ಡದರಲ್ಲಿ ನೋಡು ಎಂದು ಬಾಯಿಬಿಟ್ಟು ಹೇಳಿದ್ದ. ಬಗ್ಗಿ ನೋಡಲು ಎಷ್ಟು ಹೊತ್ತು ಬೇಕಿತ್ತು? ಅಯ್ಯೋ, ನಾನೆಂಥಾ ಕೆಲಸ ಮಾಡಿಬಿಟ್ಟೆ!

ಸಂಜೆಯ ಹೊಣೆಯನ್ನು ಶಾಲೆಯ ಗೆಳತಿಯೊಬ್ಬಳಿಗೆ ಒಪ್ಪಿಸಿ ಅವಳು ಅವನ ಅಂಗಡಿಗೆ ಓಡಿದಳು. ದಾರಿಯುದ್ದಕ್ಕೂ ಒಂದೇ ಭಯ. ಅವನಿಗೆ ಈಗಾಗಲೇ ಮದುವೆಯಾಗಿದ್ದರೆ?

ಅವನು ಕನ್ನಡಕದ ಗಾಜು ಒರೆಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಅವಳು ಎಲ್ಲವನ್ನೂ, ಅಜ್ಜನ ಬನಿಯನ್ನೂ ಬಿಡದೆ, ಒಂದೇ ಉಸಿರಿಗೆ ಹೇಳಿದಳು. ಅವನು ನಗಲಿಲ್ಲ. ಗೋಡೆಯ ಮೇಲಿನ ಅವನ ತಾಯಿಯ ಫೋಟೋ ಆಗ ಅವಳ ಕಣ್ಣಿಗೆ ಬಿತ್ತು. ಅದಕ್ಕೆ ಹಾರ ಹಾಕಿತ್ತು.

"ಅಮ್ಮ... ಯಾವಾಗ?"

"ಹೋದ ವರ್ಷ. ಮದುವೆ ಮುರಿದ್ರೂ ಒಮ್ಮೆ ಬಂದು ಹೋಗಲ್ವಾ ಅಂತ ಕೊನೇವರೆಗೂ ನಿನ್ನನ್ನೇ ಕೇಳ್ತಿದ್ರು. ಶಾಲೆಯಲ್ಲಿ ತುಂಬ ಕೆಲಸ ಅಂತೆ ಅಂತ ಸುಳ್ಳು ಹೇಳ್ತಿದ್ದೆ. ನಿನ್ನ ಬಗ್ಗೆ ಕೆಟ್ಟದ್ದು ಹೇಳೋಕೆ ಬಾಯಿ ಬರಲಿಲ್ಲ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಮಗಳೇ ಎಂದು ಕರೆದವರ ಮುಂದೆ ನಿಂತು ತಪ್ಪಾಯಿತು ಎನ್ನುವ ಅವಕಾಶ ಇನ್ನೆಂದೂ ಇಲ್ಲ. ಅವನು ಬಾಗಿಲನ್ನು ಅರ್ಧ ಮುಚ್ಚಿ ಬಂದು, ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತ.

"ತಪ್ಪು ನಿನ್ನೊಬ್ಬಳದ್ದೇ ಅಲ್ಲ. ಅವತ್ತು ನಾನು ನಾಲ್ಕು ಹೆಜ್ಜೆ ಹಿಂದೆ ಬಂದಿದ್ರೆ ಸಾಕಿತ್ತು. ಇಷ್ಟು ದಿನ ಅದೇ ಕೊರಗು."

"ಮದುವೆ... ಆಗಿಲ್ವಾ?"

"ಒಬ್ಬಳ ಜೊತೆ ನಿಶ್ಚಯ ಆಗಿತ್ತಲ್ಲ. ಅದನ್ನ ಮನಸ್ಸು ಬಿಟ್ಟಿರಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಇನ್ನೊಂದ್ಸಲ ಸಿಟ್ಟು ಬಂದ್ರೆ?"

"ಕೂತು ಜಗಳ ಆಡ್ತೀನಿ. ಎದ್ದು ಹೋಗಲ್ಲ."

"ಹೋದ್ರೂ ಹೋಗು," ಎಂದ ಅವನು. "ಈ ಸಲ ನಾನು ಹಿಂದೇನೇ ಬರ್ತೀನಿ."