ಕೆಂಪು ಬಾವುಟಕ್ಕೆ ಒಡೆದ ಕಾಯಿ

2024ರ ಆಗಸ್ಟ್ 8, ಗುರುವಾರ, ಬೆಳಿಗ್ಗೆ 10.40. ನಾರಾಯಣಖೇಡ್ ಠಾಣೆಗೆ ಬಂದ ಶಿವಗಂಗಾ ತನ್ನ ಗಂಡನ ಸಾವಿನ ಬಗ್ಗೆ ದೂರು ಹೇಳಿದಳು. ಯಾರ ಮೇಲೆ ಅಂತೀರಿ? ತನ್ನ ಮೇಲೆಯೇ!

"ಸಮುದ್ರದ ದಂಡಿಗಿ ಕೆಂಪು ಬಾವುಟ ಇತ್ರಿ. ಗಂಗಮ್ಮನ ಜಾಗ ಅದ, ಇಲ್ಲೇ ಮುಳುಗಮು ಅಂದಾಕಿ ನಾನೇರಿ. ಗಂಡನ್ನ ನೀನೇ ಕೊಂದಿ ಅಂತಾರ ನಮ್ಮ ಮಾವ. ಖರೇ ಏನ್ರಿ ಸಾಹೇಬ್ರ?"

ಇನ್‌ಸ್ಪೆಕ್ಟರ್ ಉಮಾಕಾಂತ ಅವಳನ್ನು ಕೂರಿಸಿ ನಡೆದದ್ದನ್ನೆಲ್ಲ ಕೇಳಿಕೊಂಡ. ಕಡಲತೀರದಲ್ಲಿ ಕೆಂಪು ಬಾವುಟವೆಂದರೆ ನೀರಿಗಿಳಿಯಬೇಡಿ ಎಂದು. ಖೇಡಿನ ಸುತ್ತಿನ ಜನಕ್ಕೋ, ಬಾವುಟ ಕಂಡಲ್ಲಿ ದೇವರು. ಅಮಾವಾಸ್ಯೆಯ ಸ್ನಾನಕ್ಕೆಂದು ಊರವರನ್ನು ಕರಾವಳಿಗೆ ಕರೆದೊಯ್ದವನು ಧನರಾಜ. ಭಾನುವಾರ ಬೆಳಿಗ್ಗೆ ಆರಕ್ಕೆ, ಜೀವರಕ್ಷಕರು ಬರುವ ಮೊದಲೇ, ಶಿವಗಂಗಾಳ ಗಂಡ ರೇವಪ್ಪನನ್ನು ಅಲೆ ಎಳೆದುಕೊಂಡಿತ್ತು.

ಕಾನ್‌ಸ್ಟೇಬಲ್ ಭೂದೇವಿ ಶಿವಗಂಗಾಳ ಮೊಬೈಲಿನಲ್ಲಿದ್ದ, ಅವಘಡಕ್ಕೆ ಸ್ವಲ್ಪ ಮುಂಚಿನ ಫೋಟೊ ತೋರಿಸಿದಳು. ಬಾವುಟದ ಬುಡಕ್ಕೆ ಕುಂಕುಮ, ಸುತ್ತ ಮುಳುಗೆದ್ದ ಜನ, ನಡುವೆ ಕಾಯಿ ಒಡೆಯುತ್ತಿರುವ ಧನರಾಜ.

"ಎಲ್ಲಾರೂ ತೊಯ್ದಾರ ಸರ್. ಈ ಪುಣ್ಯಾತ್ಮ ಒಬ್ಬನೇ ಒಣಾ ಅದಾನ."

ಉಮಾಕಾಂತನಿಗೆ ಅನುಮಾನ ಹತ್ತಿತು. ಪಂಚರೆದುರು ಪಂಚನಾಮೆ ಮಾಡಿ ಮೊಬೈಲನ್ನು ವಶಕ್ಕೆ ಪಡೆದ. ಹೇಳಿಕಳಿಸಿದ ಮೇಲೆ ಎರಡು ಗಂಟೆಗೆ ಧನರಾಜ ಬಂದ.

"ನೀ ಯಾಕ ನೀರಿಗಿ ಇಳೀಲಿಲ್ಲ?"

"ನೆಗಡಿ ಇತ್ರಿ."

"ಬಾವುಟದ ಅರ್ಥ ಗೊತ್ತಿತ್ತೇನು?"

"ಗಂಗಮ್ಮನಾಣಿ, ಗೊತ್ತಿರಲಿಲ್ರಿ. ಆಕಿನೇ ತೋರ್ಸಿದ್ಳು."

ಗುರುತು ಪರಿಚಯವಿಲ್ಲದ ಕಡಲಿಗೆ ಅಷ್ಟು ಮಂದಿಯನ್ನು ಕರೆದೊಯ್ದವನು, ಬೆರಳು ತೋರಿಸುವುದು ಮಾತ್ರ ಆ ಹೆಣ್ಣುಮಗಳ ಕಡೆಗೆ! ಊರವರು ಉಳಿದಿದ್ದ ಲಾಡ್ಜಿಗೆ ಉಮಾಕಾಂತ ಫೋನ್ ಮಾಡಿದ. 3.15ಕ್ಕೆ ಮ್ಯಾನೇಜರ್ ಒಂದು ಹಾಳೆಯ ಫೋಟೊ ಕಳಿಸಿದ. ಈಜುವವರಿಗೆ ಸೂಚನೆಗಳು, ಕನ್ನಡದಲ್ಲಿ: ಮಳೆಗಾಲದಲ್ಲಿ ಸಮುದ್ರಕ್ಕಿಳಿಯಬೇಡಿ, ಕೆಂಪು ಬಾವುಟವಿದ್ದರೆ ಕಾಲು ಸಹ ಇಡಬೇಡಿ. ಕೆಳಗೆ, 'ಓದಿ ತಿಳಿದಿದ್ದೇನೆ, ನನ್ನ ಜನರಿಗೂ ತಿಳಿಸುತ್ತೇನೆ' ಎಂಬ ಸಾಲಿನಡಿ ಧನರಾಜನ ಸಹಿ. ಶನಿವಾರ ರಾತ್ರಿ 8.10.

ಹಾಳೆ ನೋಡಿ ಧನರಾಜ ಒಪ್ಪಿಕೊಂಡ.

"ಸಮುದ್ರಸ್ನಾನ ಮಾಡಿಸ್ತೀನಿ ಅಂತ ಊರ ತುಂಬಾ ಹೇಳ್ಕೊಂಡ್ ತಿರುಗಿದ್ದೆ ಸಾಹೇಬ್ರ. ಅಷ್ಟು ದೂರ ಕರ್ಕೊಂಡ್ ಹೋಗಿ ಇಳೀಬ್ಯಾಡ್ರಿ ಅಂದ್ರ ನಗ್ತಿದ್ರು. ಬಾವುಟಕ್ಕ ಆಕಿ ಕೈ ಮುಗದ್ಳು, ನಾ ಸುಮ್ಮಾದೆ. ಒಂದ್ ಮುಳುಗಿಗಿ ಏನಾಗ್ತದ ಅನ್ಕೊಂಡೆ."

ಊರ ನಗೆಗೆ ಹೆದರಿದ ಈ ಮನುಷ್ಯ ಸಮುದ್ರಕ್ಕೆ ಹೆದರಲಿಲ್ಲ. ಅಲ್ಲ, ತನ್ನ ಮಟ್ಟಿಗೆ ಸಮುದ್ರಕ್ಕೂ ಹೆದರಿದ್ದ. ಸಾವು ಬೇರೆ ಠಾಣೆಯ ಸರಹದ್ದಿನಲ್ಲಾದ್ದರಿಂದ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಝೀರೋ ಎಫ್‌ಐಆರ್ ದಾಖಲಿಸಿ ಕರಾವಳಿಯ ಠಾಣೆಗೆ ತಿಳಿಸಿ, 5.20ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು.

ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಶಿವಗಂಗಾ ಕೇಳಿದಳು: "ಇದ್ರಾಗ ನನ್ ಹೆಸ್ರು ಎಲ್ಲಿ ಅದರಿ?"

"ಫಿರ್ಯಾದಿ ಅನ್ನೋ ಕಡಿ ಅದ ತಂಗಿ. ಆರೋಪಿ ಅನ್ನೋ ಕಡಿ ಇಲ್ಲ" ಅಂದ ಉಮಾಕಾಂತ.

ಅವಳು ಹಾಳೆಯನ್ನು ಮೇಜಿನ ಮೇಲೆ ವಾಪಸಿಟ್ಟಳು. "ನಾ ಹೇಳಿದ್ರ ನಂಬಂಗಿಲ್ರಿ. ನೀವೇ ಬಂದು ನಮ್ಮ ಮಾವನ ಮುಂದ ಓದ್ರಿ."

ಉಮಾಕಾಂತ ಟೋಪಿ ಹಾಕಿಕೊಂಡು ಎದ್ದ.