ಒಂದೇ ರಾತ್ರಿಯಲ್ಲಿ ಮೊಂಡಾದ ಕತ್ತಿ

ನೆನೆಸಿಟ್ಟ ಚಾಪೆಯ ಸುರುಳಿ ತುಂಡಾಗಲಿಲ್ಲ. ಸೊಟ್ಟಗಾಗಿ ನಿಂತಿತು, ಅಷ್ಟೇ.

ಪರೀಕ್ಷೆಗೆಂದು ಕತ್ತಿ ಬೀಸಿದ ಹಿರಿಯ ಶಿಷ್ಯ ಮೊಗಾಮಿ, ಅಲಗಿನ ಮೇಲೆ ಕಾಗದ ಎಳೆದು ನೋಡಿದ. ಕಾಗದ ಹರಿಯಲಿಲ್ಲ. ಇನ್ನೆರಡು ಗಂಟೆಯಲ್ಲಿ ಸೆಕಿ ಪಟ್ಟಣದವರೆಲ್ಲ ಬರುತ್ತಾರೆ. ಅವರೆದುರು ಗುರು ಕುರೊಸೆ ಇದೇ ಕತ್ತಿಯಿಂದ ಚಾಪೆಯ ಸುರುಳಿ ಕಡಿದು ಹೊಸ ವರ್ಷದ ಮೊದಲ ಏಟು ಹಾಕಬೇಕು.

ಮಾವನ ಸಾಣೆ ಅಂಗಡಿಯಿಂದ ತೊಕಿಯೆ ಓಡಿಬಂದಳು. ಅವಳೊಬ್ಬಳೇ ಸಾಣೆ ಹಿಡಿದ ಮೊದಲ ಕತ್ತಿ ಅದು.

"ಏನಮ್ಮಾ, ತರಕಾರಿ ಹೆಚ್ಚೋ ಚಾಕು ಅಂದ್ಕೊಂಡ್ಯಾ?" ಮೊಗಾಮಿ ರೇಗಿದ. "ನಿಮ್ಮ ಮಾವಂಗೆ ಹೇಳ್ತೀನಿ. ಇನ್ಮೇಲೆ ನೀನು ಸಾಣೆಕಲ್ಲು ಮುಟ್ಟಬಾರದು!"

"ನಿನ್ನೆ ಸಂಜೆ ನಿಮ್ಮೆದುರೇ ಕಾಗದ ಕತ್ತರಿಸಿ ತೋರಿಸಿದ್ನಲ್ಲಾ?"

"ತುದಿ ಕತ್ತರಿಸ್ತು. ನಡು ಯಾರು ನೋಡಿದ್ರು?"

"ಕತ್ತಿ ಪೆಟ್ಟಿಗೆಯ ಬೀಗದ ಕೈ ಯಾರ ಹತ್ರ ಇತ್ತು?"

"ಒಂದು ಬೀಗದ ಕೈ ನನ್ನ ಹತ್ರ, ಇನ್ನೊಂದು ಗುರುಗಳ ಹತ್ರ. ನಮ್ಮನ್ನೇ ಅನುಮಾನಿಸ್ತೀಯಾ?"

ಗುರುಗಳು ಮೂಲೆಯಲ್ಲಿ ಕೂತಿದ್ದರು. ಮುಂದೆ ಚಹಾ — ಅರ್ಧ ಬಟ್ಟಲು ಮಾತ್ರ. ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದರು. ತೊಕಿಯೆ ಆ ಕೈಗಳನ್ನೇ ನೋಡಿದಳು. ಸುಮ್ಮನಿದ್ದರೆ ಕಲ್ಲು ಹೋಗುತ್ತದೆ. ಮಾತಾಡಿದರೆ?

ಅವಳು ಬಗ್ಗಿ ಕತ್ತಿಯನ್ನು ಮೂಸಿದಳು. ಲವಂಗದ ವಾಸನೆ — ತುಕ್ಕು ಹಿಡಿಯದಂತೆ ಕತ್ತಿಗೆ ಹಚ್ಚುವ ಎಣ್ಣೆಯದು.

"ಎಣ್ಣೆ ಹಚ್ಚಿದ್ದು ಯಾರು, ಮೊಗಾಮಿ ಅವರೇ?"

"ನೀನೇ ಅಲ್ವಾ?"

"ಇಲ್ಲ. ಮರುದಿನವೇ ಏಟು ಹಾಕೋ ಕತ್ತಿಗೆ ನಾವು ಎಣ್ಣೆ ಹಚ್ಚಲ್ಲ. ಒಣಗಿಸಿಯೇ ಕೊಡ್ತೀವಿ. ನನ್ನ ಕೈಯಿಂದ ಹೋದ ಮೇಲೆ ಯಾರೋ ಇದನ್ನ ಹೊರಗೆ ತೆಗೆದಿದ್ದಾರೆ."

ಮೊಗಾಮಿ ತಾನೂ ಬಗ್ಗಿ ಮೂಸಿ ನೋಡಿದ.

"ಹಾಳು ಮಾಡಬೇಕು ಅಂತ ಬಂದವರು ಅಂಚನ್ನ ಕಲ್ಲಿಗೆ ಉಜ್ಜಿ ಎಸೆದು ಹೋಗ್ತಾರೆ. ಇವರು ಉಜ್ಜಿದ್ದಾರೆ, ಆಮೇಲೆ ತುಕ್ಕು ಹಿಡೀಬಾರದು ಅಂತ ಎಣ್ಣೆ ಸವರಿದ್ದಾರೆ. ಇಷ್ಟು ವರ್ಷದ ರೂಢಿ, ಕೈ ತಾನಾಗೇ ಮಾಡಿಬಿಟ್ಟಿದೆ. ಇದನ್ನ ನೋಡಿ —" ಪೆಟ್ಟಿಗೆಯ ಬಿಳಿ ಬಟ್ಟೆ ಎತ್ತಿದಳು. ಎಣ್ಣೆ ಹನಿ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. "ಇದು ನಡುಗೋ ಕೈಯ ಕೆಲಸ. ನಿಮ್ಮ ಕೈ ನಡುಗಲ್ಲ, ಮೊಗಾಮಿ ಅವರೇ."

ಮೂಲೆಯಲ್ಲಿ ಗುರುಗಳ ಬಟ್ಟಲಿನಿಂದ ಚಹಾ ಚಾಪೆಯ ಮೇಲೆ ತುಳುಕಿತು. ತೊಕಿಯೆ ತಲೆ ಎತ್ತಲಿಲ್ಲ. ದನಿ ಮಾತ್ರ ಹೊರಟಿತು.

"ಗುರುಗಳೇ... ಅದು ನೀವೇ."

ಗುರುಗಳು ಬಟ್ಟಲನ್ನು ಕೆಳಗಿಟ್ಟರು.

"ಚಳಿಗಾಲ ಶುರುವಾದಾಗಿಂದ ಹೀಗೆ," ಎಂದರು ಕುರೊಸೆ, ಕೈ ನೋಡಿಕೊಂಡು. "ಊರೆದುರು ಕತ್ತಿ ಜಾರಿದರೆ? ಆಗಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಕತ್ತಿ ಕೆಟ್ಟಿದೆ ಅಂತಾದ್ರೆ ಸಮಾರಂಭ ನಿಲ್ಲತ್ತೆ ಅಂದ್ಕೊಂಡೆ. ನಿನ್ನ ಮೇಲೆ ಬರತ್ತೆ ಅಂತ... ಗೊತ್ತಿತ್ತು ಮಗಳೇ. ಗೊತ್ತಿದ್ದೂ ಸುಮ್ಮನಿದ್ದೆ."

ಅವರು ನೆಲಕ್ಕೆ ಹಣೆ ಹಚ್ಚಿದರು. ತೊಕಿಯೆ ಗಾಬರಿಯಾಗಿ ತಾನೂ ಬಗ್ಗಿದಳು.

"ಎರಡು ಗಂಟೆಯಲ್ಲಿ ಹರಿತ ಬರತ್ತಾ?" ಎಂದು ಕುರೊಸೆ ಕೇಳಿದರು.

"ಕೊಯ್ಯೋವಷ್ಟು ಬರತ್ತೆ. ಹೊಳಪು ಬರಲ್ಲ."

"ಸಾಕು. ಏಟು ಮೊಗಾಮಿ ಹಾಕಲಿ. ಯಾಕೆ ಅಂತ ಊರಿಗೆ ನಾನೇ ಹೇಳ್ತೀನಿ."

ತೊಕಿಯೆ ಕತ್ತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೊದಲು ಎಣ್ಣೆ ಒರೆಸಿದಳು.