ತೋಳದ ಪಾಲು

ಬಹಳ ಹಿಂದೆ, ತೋಳಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಕಂಬಳಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹಾಲವ್ವ ಎಂಬ ವಿಧವೆ ಕುರಿ ಕಾಯ್ದುಕೊಂಡಿದ್ದಳು. ಅವಳ ಹಿಂಡಿನಲ್ಲಿ ಚಂದ್ರಿ ಎಂಬ ಗಬ್ಬದ ಕುರಿ. ತಾಯಿಯಿಲ್ಲದ ಮರಿಯಾಗಿದ್ದಾಗ ಹಾಲವ್ವ ಅದನ್ನು ತನ್ನ ಕಂಬಳಿಯೊಳಗೆ ಮಲಗಿಸಿಕೊಂಡು ಸಾಕಿದ್ದಳು.

ಆ ರಾಜ್ಯದವರು ಬೇನೆ ಬಂದು ಸತ್ತ ಕುರಿಯನ್ನು ಹೂಳುತ್ತಿರಲಿಲ್ಲ. ಊರ ಗಡಿಯಾಚೆ ಎಸೆದು, "ಆಚೆ ಊರಿಗೆ ಹೋಗು" ಎಂದು ಕೈ ತೊಳೆದುಕೊಂಡು ಬರುತ್ತಿದ್ದರು. ಆಚೆ ಊರಿನವರೂ ಅದನ್ನೇ ಮಾಡುತ್ತಿದ್ದರು. ಬೇನೆ ಊರೂರು ಸುತ್ತಿ ಮತ್ತೆ ಬರುತ್ತಿತ್ತು. ಪಕ್ಕದೂರಿನ ಕಷ್ಟ ಯಾರಿಗೆ ಬೇಕು!

ಬೇಕಾದವನು ಮಾಂತ್ರಿಕ ಮಸಣಯ್ಯ ಒಬ್ಬನೇ. ಗಡಿಯಲ್ಲಿ ಬಿದ್ದ ಕುರಿಗಳಲ್ಲಿ ಉಳಿದಿದ್ದ ಕಡೆಯುಸಿರು ಕುಡಿದು ಅವನು ಆಯುಷ್ಯ ಬೆಳೆಸಿಕೊಳ್ಳುತ್ತಿದ್ದ. ಬೇನೆ ಅವನೇ ಸಾಕಿದ ಹೊಗೆಯ ಇಲಿ. ಅದು ಕುರಿಯ ಮೂಗಿನೊಳಗೆ ನುಸುಳುತ್ತಿತ್ತು. ಅದನ್ನು ಕಚ್ಚಿ ಹಿಡಿಯುವ ಹಲ್ಲು ತೋಳಕ್ಕೆ ಮಾತ್ರ ಇತ್ತು. ಹಾಗಾಗಿ ಅವನು ರಾಜನ ಕಿವಿ ಊದಿದ: "ಪ್ರಭು, ತೋಳದ ಜೊಲ್ಲಿನಿಂದಲೇ ಬೇನೆ ಬರುವುದು." ತೋಳಗಳನ್ನು ಕೊಲ್ಲಿರೆಂದು ರಾಜ ಡಂಗುರ ಸಾರಿಸಿದ. ಜನ ತೋಳಗಳನ್ನೆಲ್ಲ ಕೊಂದರು. ಕಿವಿ ಹರಿದ ಹೆಣ್ಣು ತೋಳವೊಂದೇ ಉಳಿಯಿತು. ಬೇನೆ ಮಾತ್ರ ಇನ್ನಷ್ಟು ಹೆಚ್ಚಿತು.

ಅರ್ಧ ಹಿಂಡು ಕಳೆದುಕೊಂಡ ಹಾಲವ್ವ ಕೊಡಲಿ ಹಿಡಿದು ತೋಳದ ಗವಿಗೆ ಹೋದಳು.

"ನನ್ನ ಕುರಿ ತಿಂದಾಕಿ ನೀನ ಹೌದಲ್ಲೇ? ನಿನ್ನ ಬಾಯಾಗ ಮಣ್ಣ ಹಾಕ!"

"ಹೌದು. ನಾನು ತಿಂದ ಕುರಿ ಹೇಗಿತ್ತು, ನೆನಪು ಮಾಡಿಕೊಂಡು ಹೊಡೆ" ಎಂದಿತು ತೋಳ.

ಬೇನೆ ಹತ್ತಿ, ಜೊಲ್ಲು ಸುರಿಸುತ್ತ ಹಿಂಡಿನ ಹಿಂದೆ ಉಳಿದ ಕುರಿ ಅದು. ಹಾಲವ್ವ ಕೊಡಲಿ ಇಳಿಸಿದಳು.

"ಮೂರು ಸಂಜೆ ನಾನು ಕೇಳಿದ ಕುರಿ ಕೊಡು. ಬೇನೆ ಅಡಗಿದ್ದನ್ನೇ ಕೇಳುತ್ತೇನೆ."

ಮೊದಲ ಸಂಜೆ ತೋಳ ಕುಂಟುವ ಕುರಿ ಕೇಳಿತು. ಕಚ್ಚಿದಾಗ ಹೊಗೆಯ ಇಲಿ ಬಾಲ ಕಳೆದುಕೊಂಡು ಓಡಿತು. ಎರಡನೆಯ ಸಂಜೆ ಮೇವು ಬಿಟ್ಟ ಟಗರನ್ನು ಕೇಳಿತು. ಇಲಿ ಕಾಲು ಕಳೆದುಕೊಂಡು ಓಡಿತು. ಮೂರನೆಯ ಸಂಜೆ, "ಚಂದ್ರಿಯನ್ನು ಕೊಡು" ಎಂದಿತು.

ಚಂದ್ರಿ ಮಧ್ಯಾಹ್ನವಷ್ಟೇ ಹೆಣ್ಣು ಮರಿ ಈದಿತ್ತು. ಹಾಲವ್ವ ಅದಕ್ಕೆ ಅಡ್ಡ ನಿಂತಳು. "ಆಗೂದಿಲ್ಲ! ಬೇಕಾರ ಇಡೀ ಹಿಂಡು ತಗೋ, ಇದನ್ನ ಬಿಡು!"

"ಇದನ್ನು ಬಿಟ್ಟರೆ ಇಡೀ ಹಿಂಡನ್ನು ಬೇನೆಯೇ ತಗೊಳ್ಳುತ್ತದೆ."

ಅಷ್ಟರಲ್ಲಿ ಮಸಣಯ್ಯ ಏದುಸಿರು ಬಿಡುತ್ತ ಓಡಿಬಂದ. "ಕೊಡಬ್ಯಾಡವ್ವಾ! ಎಂಥಾ ಮುದ್ದು ಕುರಿ! ಸತ್ತರ ಗಡಿಯಾಚೆ ಒಗದರಾತು."

ಬಡವಿಯ ಒಂದು ಕುರಿಗಾಗಿ ಇವನಿಗೇಕೆ ಇಷ್ಟು ಸಂಕಟ? ಹಾಲವ್ವ ಅವನನ್ನು ದುರುಗುಟ್ಟಿ ನೋಡಿದಳು. ಮರಿಯನ್ನು ಕಂಬಳಿಯೊಳಗೆ ಎತ್ತಿಕೊಂಡಳು. ಚಂದ್ರಿ ಅವಳ ಅಂಗೈ ನೆಕ್ಕಿತು. ಅಳುತ್ತಲೇ ಹಟ್ಟಿಯ ಮುಳ್ಳುಬೇಲಿ ಸರಿಸಿದಳು.

ತೋಳ ಕಚ್ಚಿತು. ಕಾಲಿಲ್ಲದ ಇಲಿ ಅದರ ಹಲ್ಲಿಗೆ ಸಿಕ್ಕಿ ಚೂರಾಯಿತು. ಕದ್ದ ಆಯುಷ್ಯವೆಲ್ಲ ಇಲಿಯೊಂದಿಗೇ ಹೋಗಿ, ಮಸಣಯ್ಯ ನಿಂತಲ್ಲೇ ಬೂದಿಯಾದ. ಚಂದ್ರಿ ಉಳಿಯಲಿಲ್ಲ. ಹಾಲವ್ವ ಅದನ್ನು ಗಡಿಗೆ ಒಯ್ಯದೆ, ತನ್ನ ಹಟ್ಟಿಯ ಪಕ್ಕದಲ್ಲೇ ಆಳವಾಗಿ ಹೂತಳು.

ನಡೆದದ್ದನ್ನು ಹಾಲವ್ವನಿಂದ ಕೇಳಿ ರಾಜ ತೋಳಬೇಟೆ ನಿಲ್ಲಿಸಿದ. ಜನ ಸತ್ತ ಕುರಿಗಳನ್ನು ತಮ್ಮ ತಮ್ಮ ಊರಲ್ಲೇ ಹೂಳತೊಡಗಿದರು. ಹಿಂಡಿನಲ್ಲಿ ಒಂದು ತೋಳದ ಪಾಲೆಂದು ಒಪ್ಪಿಕೊಂಡರು. ಹಿಂಡುಗಳು ಬೆಳೆದವು, ಎಲ್ಲರೂ ಸುಖವಾಗಿದ್ದರು, ತೋಳವೂ. ಹಾಲವ್ವ ಮಾತ್ರ ಅದನ್ನು ಕಂಡಾಗಲೆಲ್ಲ ಬಾಯಿತುಂಬ ಬೈಯುತ್ತಿದ್ದಳು. ಬೈದು ಮುಗಿಸಿ, ಚಂದ್ರಿಯ ಮರಿಯನ್ನು ಕಂಬಳಿಯೊಳಗೆ ಎಳೆದುಕೊಂಡು, ಬೇಲಿಯ ಮುಳ್ಳನ್ನು ಒಂದಿಷ್ಟು ಸರಿಸಿ ಇಡುತ್ತಿದ್ದಳು.